ಉಶಾಂಗಿಯ ಸೀಸೆ

ತಿಬಿಲಿಸಿ, ಮಾರ್ಚ್. ಆಸ್ಪತ್ರೆಯ ಹಿಂದೆ
ಕೊಚ್ಚೆ ಹೊಳೆಗೆ ಬೀಳುವ ಕಡೆ
ಎತೇರಿ ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಬಿಡುತ್ತಾಳೆ.
ಗಾಳ ಹಾಕಿ ಕೂತ ಮುದುಕ ಕೇಳುತ್ತಾನೆ:
'ಏನಾದರೂ ಬಿತ್ತೇ?'
'ನೋಡಬೇಕು.'
ಮೂವತ್ತೊಂದು ವರ್ಷದಿಂದ ಇವಳ ಉತ್ತರ ಇದೊಂದೇ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆ ಎಂದವರು
ಆ ಎರಡನೆಯ ಮುಳ್ಳು ಎಲ್ಲಿ ಸಿಗುತ್ತದೆಂದು
ಹೇಳಿ ಹೋಗಲಿಲ್ಲ.
ಊರು ಮೂಗು ಮುಚ್ಚಿಕೊಂಡು ದಾಟುವ ಜಾಗದಲ್ಲಿ ಸಿಗುತ್ತದೆ.
ರೋಗ ಹರಿದ ದಾರಿಯಲ್ಲೇ
ರೋಗವನ್ನು ತಿನ್ನುವುದೂ ಹರಿದಿರುತ್ತದೆ, ಹಸಿದು.

ನಾಲ್ಕನೆಯ ವಾರ್ಡಿನಲ್ಲಿ ಉಶಾಂಗಿ.
ಒಂದು ಕಾಲಕ್ಕೆ ಟ್ರಾಲಿಬಸ್ಸು ಓಡಿಸುತ್ತಿದ್ದವ.
ಬ್ರೇಕು ಒತ್ತುತ್ತಿದ್ದ ಕಾಲಿನ ಹಿಮ್ಮಡಿಯಲ್ಲಿ
ಅಂಗೈಯಗಲ ಹುಣ್ಣು, ಹಸಿರುಗಟ್ಟಿದ ಕೀವು.
ಚೀಟಿಯಲ್ಲಿ ಒಂದರ ಕೆಳಗೊಂದು ಔಷಧಿ,
ಒಂದೊಂದರ ಮೇಲೂ ಗೀಟು.
ಕಟ್ಟಕಡೆಯದಕ್ಕೆ ಕ್ರಿಮಿ ಬಗ್ಗುವ ಮೊದಲು
ಮೂತ್ರಪಿಂಡ ಬಗ್ಗಿತು.

'ಡಾಕ್ಟರೇ, ಜೀವಮಾನದಲ್ಲಿ ನಾಲ್ಕೇ ಸಲ ಮಾತ್ರೆ ನುಂಗಿದವ ನಾನು.
ಇಷ್ಟೊಂದು ವಿದ್ಯೆ ಇದಕ್ಕೆ ಕಲಿಸಿದವರು ಯಾರು?'
ತ್ಸಿಸಾನಾ ಗ್ಲೌಸು ಕಳಚುತ್ತ ಸುಮ್ಮನಿದ್ದಳು.
ಕೋಳಿಫಾರಮ್ಮಿನ ಮೇವು, ಅರ್ಧಕ್ಕೆ ಬಿಟ್ಟ ಡೋಸು,
ಬರೀ ನೆಗಡಿಗೆ ಹರಿದುಕೊಟ್ಟ ಚೀಟಿ:
ಅದರಲ್ಲಿ ತನ್ನ ಕೈಬರಹದ್ದು ಎಷ್ಟಿವೆಯೋ.

ಗಾಜಿನ ತಟ್ಟೆಯ ಮೇಲೆ ಅವನ ಕ್ರಿಮಿ
ಕಾಯಿಸಿ ಆರಿಸಿದ ಹಾಲಿನ ಕೆನೆಯಂತೆ ಹಬ್ಬಿದೆ.
ಕಪಾಟಿನ ಹಳೆ ಸೀಸೆಗಳಿಂದ ಒಂದೊಂದು ಹನಿ ಬಿಟ್ಟರು.
ಬೆಳಗಾದರೆ
ಕೆನೆ ಕೆನೆಯಾಗಿಯೇ ಇದೆ.

(ಆ ಹಳೆ ಸೀಸೆಗಳದ್ದೇ ಒಂದು ಕತೆ.
ತೊಂಬತ್ಮೂರರ ಚಳಿಗಾಲ, ದಿನವಿಡೀ ಕರೆಂಟಿಲ್ಲ.
ಎತೇರಿ ಅವನ್ನೆಲ್ಲ ಮನೆಗೆ ಹೊತ್ತು ತಂದು
ಕಿಟಕಿಯ ಹೊರಗಿನ ಕಟ್ಟೆಯಲ್ಲಿಟ್ಟಳು,
ಹೆಪ್ಪುಗಟ್ಟದಿರಲೆಂದು ಉಣ್ಣೆಯ ಶಾಲು ಸುತ್ತಿ.
ಒಳಗೆ ಮಗ ಕೆಮ್ಮುತ್ತಿದ್ದ.
ಇದ್ದದ್ದು ಒಂದೇ ಶಾಲು.
ಯಾವ ಪ್ರಬಂಧದಲ್ಲೂ ಈ ಮಾತು ಬಂದಿಲ್ಲ.)

ಹನ್ನೊಂದನೆಯ ಬಾಟಲಿ.
ಹನಿ ಬಿದ್ದಲ್ಲಿ ಕೆನೆ ಹರಿದು
ಗಾಜು ಕಾಣುವಷ್ಟು ಸ್ವಚ್ಛ, ಸಣ್ಣ ಸಣ್ಣ ತೂತು.
ನಾನಾಗಿದ್ದರೆ ಕಾವಲಿಯಲ್ಲಿ ದೋಸೆ ಕಣ್ಣು ಬಿಟ್ಟಿತು ಎನ್ನುತ್ತಿದ್ದೆ.
ಅವಳು ಬೆಳಕಿಗೆ ಹಿಡಿದು ಅಂದದ್ದು:
'ನುಸಿ ತಿಂದ ಕಂಬಳಿ.'
ಆಮೇಲೆ ಕೂತಳು.
ಬಹಳ ಹೊತ್ತು ಹಾಗೇ ಕೂತಿದ್ದಳು.

ಸೋಸಬೇಕು, ಬೆಳೆಸಬೇಕು, ಮತ್ತೆ ಸೋಸಬೇಕು.
ಅವಸರಕ್ಕೆ ಒಲಿಯುವ ಜೀವವಲ್ಲ, ಜೀವವೇ ಎಂಬುದೂ ಅನುಮಾನ.
ಗುರುವಾರ ಸೀಸೆ ತುಂಬಿತು.
ಉಶಾಂಗಿ ಬುಧವಾರ ರಾತ್ರಿಯೇ ಹೊರಟಿದ್ದ.

ಸೀಸೆಗೆ ಸಂಖ್ಯೆ ಬರೆಯುವುದು ರೂಢಿ.
ಅವಳು ಹೆಸರು ಬರೆದಳು.

ನವೆಂಬರಿನಲ್ಲಿ ಕುತಾಯಿಸಿಯಿಂದ ಮ್ಜೆವಿನಾರ್ ಬಂದಳು.
ರೊಟ್ಟಿ ಬೇಯುವ ಹಗೇವಿನಂಥ ಒಲೆಗೆ ಬಗ್ಗಿದವಳು
ಜಾರಿ, ಭುಜದವರೆಗೆ ಬೆಂದಿದ್ದಳು.
ಅದೇ ಹಸಿರು ಕೀವು. ಅದೇ ಗೀಟು ಬಿದ್ದ ಚೀಟಿ.
ತಟ್ಟೆ, ಹನಿ, ರಾತ್ರಿ.
ಬೆಳಗ್ಗೆ ಕಂಬಳಿಗೆ ನುಸಿ.

ಐದನೆಯ ದಿನ ವಾಸನೆ ಹೋಯಿತು.
ಒಂಬತ್ತನೆಯ ದಿನ ಕೆಂಪು ಹೊಸ ಮಾಂಸ, ತುರಿಕೆ, ಬೈಗುಳ.
'ಈ ನೀರಿಗೆ ಏನೆನ್ನುತ್ತೀರಿ?'
'ಉಶಾಂಗಿ.'
'ಗಂಡಸಿನ ಹೆಸರಲ್ಲವೇ ಅದು?'
'ಹೌದು. ಟ್ರಾಲಿಬಸ್ಸು ಓಡಿಸುತ್ತಿದ್ದ.'
ಮ್ಜೆವಿನಾರ್ ಮುಂದೆ ಕೇಳಲಿಲ್ಲ. ರೊಟ್ಟಿ ಮಾರುವವಳು,
ತಡವಾಗಿ ಬಂದ ಬಸ್ಸುಗಳನ್ನು ಬಲ್ಲವಳು.

ಕತೆ ಇಲ್ಲಿಗೆ ನಿಲ್ಲಬಹುದಿತ್ತು.
ಆದರೆ ಇಂದು ಬೆಳಗ್ಗೆ ತಟ್ಟೆಯಲ್ಲಿ
ತೂತಿನ ನಟ್ಟನಡುವೆ ಒಂದು ಬಿಳಿ ಚುಕ್ಕೆ.
ಬಾಗಿಲ ಬೀಗ ಬದಲಿಸಿಕೊಂಡು ಒಂದೇ ಒಂದು ಉಳಿದಿತ್ತು,
ಒಂದು ಸಾಕು ಅದಕ್ಕೆ.
ಎತೇರಿ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದಳು.
ಕೋಟು ಹಾಕಿಕೊಂಡಳು. ಬಾಟಲಿ ತೊಳೆದಳು.
ಹಗ್ಗ ಸವೆದಿತ್ತು,
ಹೊಸದು ತರಿಸಿದಳು, ಹಳೆಯದಕ್ಕಿಂತ ಎರಡು ಮಾರು ಉದ್ದದ್ದು.